ಅಳತೆಗೋಲಿನ ತಪ್ಪಿಗೆ ಮಕ್ಕಳಿಗೆ ಶಿಕ್ಷೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದ ಪತ್ರಿಕೆಯನ್ನು ಕೈಗೆತ್ತಿಕೊಳ್ಳುವುದೆಂದರೆ ನಮಗೆ ಈಗಲೂ ಸಂಕಟ. ಒಂದು ಜಿಲ್ಲೆಗೆ ಹಾರ, ಇನ್ನೊಂದು ಜಿಲ್ಲೆಗೆ 'ಕೊನೆಯ ಸ್ಥಾನ' ಎಂಬ ಹಣೆಪಟ್ಟಿ. 2024ರಲ್ಲಿ ಉಡುಪಿಗೆ ಶೇ. 94, ಯಾದಗಿರಿಗೆ ಶೇ. 50.59. ಸಂಜೆಯ ಹೊತ್ತಿಗೆ ಚಹಾದಂಗಡಿಯಲ್ಲಿ ತೀರ್ಪು ಸಿದ್ಧ: 'ಆ ಕಡೆಯವರಿಗೆ ಓದು ಹತ್ತೋದಿಲ್ಲ ಬಿಡಿ.' ಇನ್ನೂ ಒಂದು ಗುಟುಕು ಒಳಗೆ ಹೋದ ಮೇಲೆ, 'ಸಾಬರ ಹುಡುಗರಿಗೂ ಅಷ್ಟೇ, ಗ್ಯಾರೇಜೇ ಸರಿ.' ಬೆಳಿಗ್ಗೆ ಬರೀ ಅಂಕವಾಗಿದ್ದದ್ದು ಸಂಜೆಗೆ ಊರಿನ ಗುಣವಾಗಿ, ಕುಲದ ಗುಣವಾಗಿ, ರಕ್ತದ ಗುಣವಾಗಿ ಬಿಟ್ಟಿರುತ್ತದೆ. ಈ ಜಾರುವಿಕೆಯ ಬಗ್ಗೆಯೇ ನಮ್ಮ ತಕರಾರು.

ನಾವು ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಐದಕ್ಕೆ ಕನ್ನಡ ಶಾಲೆ ಸೇರಿದವರು. ಮೊದಲ ಪರೀಕ್ಷೆಯಲ್ಲೇ ಒಂದು ಲೆಕ್ಕ: ಕಣಜದಲ್ಲಿದ್ದ ಅರವತ್ತು ಸೇರು ಭತ್ತದಲ್ಲಿ ಮೂರನೇ ಒಂದು ಪಾಲು ಮಾರಿ, ಉಳಿದುದರಲ್ಲಿ ಅರ್ಧ ದಾನ ಕೊಟ್ಟರೆ ಮಿಕ್ಕಿದ್ದೆಷ್ಟು? ಅಬ್ಬಾನ ಕಿರಾಣಿ ಅಂಗಡಿಯಲ್ಲಿ ಪಾವ್, ಆಧಾ, ಪೌಣಾ ಎಂದು ಬಾಯಲ್ಲೇ ಲೆಕ್ಕ ಹೇಳಿ ಚಿಲ್ಲರೆ ಕೊಡುತ್ತಿದ್ದವರು ನಾವು. ಆದರೆ ಕಣಜ ಎಂದರೇನು? ಮಿಕ್ಕುವುದು ಎಂದರೇನು? ಗೊತ್ತಿರಲಿಲ್ಲ. ಮೇಷ್ಟ್ರು ಸೊನ್ನೆ ಸುತ್ತಿ 'ಲೆಕ್ಕ ಬರುವುದಿಲ್ಲ' ಎಂದು ಬರೆದರು. ಬರೆಯಬೇಕಾಗಿದ್ದದ್ದು 'ಕನ್ನಡ ಇನ್ನೂ ಬಂದಿಲ್ಲ' ಎಂದು. ಗೆಳೆಯರ ಜೊತೆ ಗೋಲಿ ಆಡುತ್ತಾ, ಜಗಳವಾಡುತ್ತಾ ಎರಡು ವರ್ಷದಲ್ಲಿ ಕನ್ನಡ ಬಂತು. ಅದರ ಬೆನ್ನಿಗೇ ಲೆಕ್ಕವೂ 'ಬಂತು'. ಈ ನಡುವೆ ನಮ್ಮ ತಲೆಯನ್ನೇನೂ ಯಾರೂ ಬದಲಾಯಿಸಿರಲಿಲ್ಲ.

ಇದು ಹಳ್ಳಿ ಮೇಷ್ಟ್ರೊಬ್ಬರ ಅವಸರ ಎಂದು ಮರೆತುಬಿಡಬಹುದಿತ್ತು. ಆದರೆ ಪರೀಕ್ಷೆಯನ್ನೇ ಒಂದು ಶಾಸ್ತ್ರವನ್ನಾಗಿ ಕಟ್ಟಿದ ದೊಡ್ಡ ವಿದ್ವಾಂಸರು ಇದೇ ತಪ್ಪನ್ನು ಲಕ್ಷಾಂತರ ಜನರ ಮೇಲೆ ಮಾಡಿದ್ದಾರೆ. ಅವರಲ್ಲೊಬ್ಬರ ಕಥೆಯನ್ನು ಇಲ್ಲಿ ಹೇಳಲೇಬೇಕು.

1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ತನ್ನ ಸಹಾಯಕ ಸಿಮೋನ್ ಜೊತೆಗೂಡಿ ಮಕ್ಕಳಿಗಾಗಿ ಒಂದು ಅಳತೆಗೋಲನ್ನು ರೂಪಿಸಿದ. ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂದು ಕಂಡುಹಿಡಿಯುವುದು ಅದರ ಉದ್ದೇಶ. ಅಂದರೆ ಅದು ವೈದ್ಯನ ಥರ್ಮಾಮೀಟರಿನಂತೆ. ಜ್ವರ ಇದೆಯೆಂದು ತಿಳಿದರೆ ಔಷಧ ಕೊಡಬೇಕು. ಅದೇ ಗೋಲು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದಾಗ ನ್ಯಾಯಾಧೀಶನ ಸುತ್ತಿಗೆಯಾಯಿತು. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ರಾಬರ್ಟ್ ಯರ್ಕ್ಸ್ ಎಂಬ ಮನಶ್ಶಾಸ್ತ್ರಜ್ಞನ ಮುಂದಾಳತ್ವದಲ್ಲಿ ಸುಮಾರು 17 ಲಕ್ಷ ಸೈನಿಕರ 'ಬುದ್ಧಿ'ಯನ್ನು ಅಳೆಯಲಾಯಿತು. ಅಕ್ಷರಸ್ಥರಿಗೆ ಆಲ್ಫಾ ಪರೀಕ್ಷೆ, ಇಂಗ್ಲಿಷ್ ಓದಲು ಬಾರದವರಿಗೆ ಬೀಟಾ ಎಂಬ ಚಿತ್ರದ ಪರೀಕ್ಷೆ. ಆಲ್ಫಾದಲ್ಲಿ ಬಂದ ಪ್ರಶ್ನೆಗಳನ್ನು ನೋಡಿ: ಕ್ರಿಸ್ಕೋ ಎಂಬುದು ಔಷಧವೋ, ಹಲ್ಲಿನ ಪೇಸ್ಟೋ, ತಿನ್ನುವ ವಸ್ತುವೋ? ಕ್ರಿಸ್ಟಿ ಮ್ಯಾಥ್ಯೂಸನ್ ಲೇಖಕನೋ, ಬೇಸ್‌ಬಾಲ್ ಆಟಗಾರನೋ? ಬೀಟಾದಲ್ಲಿ ನೆಟ್ ಇಲ್ಲದ ಟೆನಿಸ್ ಅಂಗಳದ ಚಿತ್ರ ತೋರಿಸಿ, ಇಲ್ಲದ್ದನ್ನು ಬಿಡಿಸು ಎಂದರು. ಸಿಸಿಲಿಯ ರೈತನ ಮಗನೋ ಪೋಲೆಂಡಿನ ದರ್ಜಿಯೋ ಟೆನಿಸ್ ಅಂಗಳವನ್ನು ಕಂಡಿದ್ದನೇ? ನಮಗೆ ಕಣಜ ಹೇಗೋ ಅವರಿಗೆ ಅದು ಹಾಗೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಾರ್ಲ್ ಬ್ರಿಗಮ್ ಈ ರಾಶಿ ಅಂಕಗಳನ್ನು ಗುಡ್ಡೆಹಾಕಿಕೊಂಡು 1923ರಲ್ಲಿ ಅಮೆರಿಕನ್ನರ ಬುದ್ಧಿಯ ಬಗ್ಗೆ ಒಂದು ಪುಸ್ತಕ ಬರೆದರು. ಅಂಕಿಗಳು ಸ್ಪಷ್ಟವಾಗಿದ್ದವು: ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ಕಳೆದ ವಲಸಿಗರ ಅಂಕ ಅಲ್ಲಿಯೇ ಹುಟ್ಟಿದವರ ಅಂಕಕ್ಕೆ ಸಮನಾಗಿತ್ತು, ಮೊನ್ನೆ ಮೊನ್ನೆ ಬಂದವರದು ಕಡಿಮೆ. ಮಾರುಕಟ್ಟೆಗೆ ಹೋಗಿಬರುವ ಯಾವ ಅಮ್ಮಿಯಾದರೂ ಹೇಳುತ್ತಿದ್ದಳು, ಭಾಷೆ ಕಲಿಯಲು, ಊರು ಒಗ್ಗಲು ಸಮಯ ಬೇಕೆಂದು. ಬ್ರಿಗಮ್ ಹಾಗೆ ಓದಲಿಲ್ಲ. ಹಿಂದೆ ಬಂದವರು ಉತ್ತರ ಯುರೋಪಿನ ಉತ್ತಮ ರಕ್ತದವರು, ಈಗ ಬರುತ್ತಿರುವ ದಕ್ಷಿಣ ಮತ್ತು ಪೂರ್ವ ಯುರೋಪಿನವರದು ಕೀಳು ರಕ್ತ ಎಂದು ಓದಿದರು. ಮರುವರ್ಷವೇ, 1924ರಲ್ಲಿ, ಅಂಥವರಿಗೆ ಬಾಗಿಲು ಬಿಗಿಯುವ ವಲಸೆ ಕಾಯ್ದೆ ಅಮೆರಿಕದಲ್ಲಿ ಬಂತು. ಆ ಕಾಯ್ದೆ ಬೇಕೆನ್ನುವವರ ಕೈಗೆ ಇಂಥ ಪುಸ್ತಕಗಳು ಆಯುಧವಾದವು. ಇದೇ ಬ್ರಿಗಮ್ 1926ರಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯನ್ನು ರೂಪಿಸಿದರು. ಆ ವರ್ಷ ಸುಮಾರು ಎಂಟು ಸಾವಿರ ವಿದ್ಯಾರ್ಥಿಗಳು ಅದನ್ನು ಬರೆದರು. ಇಂದು ಅಮೆರಿಕಕ್ಕೆ ಹೋಗಬಯಸುವ ನಮ್ಮ ಬೆಂಗಳೂರಿನ ಮಕ್ಕಳೂ ಬರೆಯುತ್ತಾರೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಬ್ರಿಗಮ್‌ರನ್ನು ಬೈದು ಸುಮ್ಮನಾಗುತ್ತಿದ್ದೆವು. ಆದರೆ 1930ರಲ್ಲಿ ಆ ಮನುಷ್ಯ ತನ್ನ ಶಾಸ್ತ್ರದ ಪತ್ರಿಕೆಯಲ್ಲೇ, ತನ್ನ ಹೆಸರು ಹಾಕಿ, ತನ್ನ ಪುಸ್ತಕವೇ ತಪ್ಪು ಎಂದು ಬರೆದರು. ಬೇರೆ ಭಾಷೆಯ ಮನೆಯಿಂದ ಬಂದವನನ್ನು ಇಂಗ್ಲಿಷ್ ಪರೀಕ್ಷೆಯಿಂದ ಅಳೆದು ಜನಾಂಗಗಳನ್ನು ಹೋಲಿಸುವುದು ಸಲ್ಲದು ಎಂದರು. ಅಂಥ ಹೋಲಿಕೆಗಳಲ್ಲಿ ತೀರಾ ಆಡಂಬರದ್ದೊಂದು ತನ್ನದೇ, ಅದಕ್ಕೆ ಬುಡವೇ ಇರಲಿಲ್ಲ ಎಂದು ಒಪ್ಪಿಕೊಂಡರು. ಆದರೆ ಕಾಯ್ದೆ ಆಗಿಹೋಗಿತ್ತು. ತಪ್ಪೊಪ್ಪಿಗೆಗಿಂತ ತಪ್ಪು ಬಹಳ ಮುಂದೆ ಓಡಿತ್ತು.

ಆಮೇಲೆ ಈ ಶಾಸ್ತ್ರ ಬೆಳೆಯಲಿಲ್ಲವೆಂದಲ್ಲ. ಪ್ರಶ್ನೆಯನ್ನೇ ಪರೀಕ್ಷಿಸುವುದನ್ನು ಅದು ಕಲಿತಿದೆ. ಒಟ್ಟು ಅಂಕದಲ್ಲಿ ಸಮನಾಗಿರುವ ಎರಡು ಗುಂಪಿನ ಮಕ್ಕಳನ್ನು, ಕನ್ನಡ ಮಾಧ್ಯಮದವರು ಮತ್ತು ಉರ್ದು ಮಾಧ್ಯಮದವರು ಎಂದಿಟ್ಟುಕೊಳ್ಳಿ, ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದು ಪ್ರಶ್ನೆಯಲ್ಲಿ ಮಾತ್ರ ಒಂದು ಗುಂಪು ಮುಗ್ಗರಿಸಿದರೆ ಅನುಮಾನ ಬರಬೇಕಾದದ್ದು ಮಕ್ಕಳ ಮೇಲಲ್ಲ, ಪ್ರಶ್ನೆಯ ಮೇಲೆ. ತಕ್ಕಡಿಯನ್ನು ತೂಗುವ ವಿದ್ಯೆ ಇದು. ಸಂತೆಯ ತಕ್ಕಡಿಗೇ ಸರ್ಕಾರದ ಮುದ್ರೆ ಬೇಕಾಗಿರುವಾಗ ಮಕ್ಕಳ ಹಣೆಬರಹ ತೂಗುವ ತಕ್ಕಡಿಗೆ ಬೇಡವೇ?

ನಮ್ಮ ದೇಶದ ಅನುಭವ ಏನು ಹೇಳುತ್ತದೆ? 2017ರ ನೀಟ್ ಪರೀಕ್ಷೆ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ನಡೆಯಿತು, ಉರ್ದು ಇರಲಿಲ್ಲ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2018ರಿಂದ ಉರ್ದುವಿಗೆ ಜಾಗ ಸಿಕ್ಕಿತು. ಅದೇ 2018ರಲ್ಲಿ ತಮಿಳು ಪ್ರಶ್ನೆಪತ್ರಿಕೆಯ 49 ಪ್ರಶ್ನೆಗಳ ಅನುವಾದವೇ ತಪ್ಪೆಂಬ ದೂರು ಬಂತು. ಒಂದಕ್ಕೆ ನಾಲ್ಕರಂತೆ 196 ಅಂಕ ಕೊಡಿ ಎಂದು ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಹೇಳಿತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅಷ್ಟು ಅಂಕವನ್ನು ಹಾಗೆ ಕೊಡುವುದು ಸರಿಯೋ ತಪ್ಪೋ ಎಂಬ ವಾದ ಇರಲಿ. ಪರೀಕ್ಷೆ ಬರೆದ ಮೇಲೆ ಕೋರ್ಟಿನಲ್ಲಿ ಪ್ರಶ್ನೆಪತ್ರಿಕೆ ತಿದ್ದುವ ಸ್ಥಿತಿ ಏಕೆ ಬಂತು?

ಮತ್ತೆ ನಮ್ಮ ಎಸ್ಸೆಸ್ಸೆಲ್ಸಿಗೇ ಬರೋಣ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದವು. ನಕಲು ತಡೆದದ್ದು ಒಳ್ಳೆಯದೇ. ಫಲಿತಾಂಶ ಕುಸಿಯಿತು. ಆಗ ಶೇ. 10 ಇದ್ದ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದರು, ಅದನ್ನು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದರು. ಅಷ್ಟಾದರೂ ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ನಿಂತಿತು. ಗಜಕಡ್ಡಿಯನ್ನೇ ಹೀಗೆ ಎಳೆದು ಉದ್ದ ಮಾಡಿ, ಕತ್ತರಿಸಿ ಗಿಡ್ಡ ಮಾಡಿ, ಅದರಿಂದ ಅಳೆದ ಯಾದಗಿರಿಯ ಹುಡುಗನಿಗೆ 'ನೀನು ಇಷ್ಟೇ ಉದ್ದ' ಎಂದು ಹೇಳುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ? ಗುಲಬರ್ಗಾ ಸೀಮೆಯ ತಾಲೂಕುಗಳು ಎಷ್ಟು ಹಿಂದುಳಿದಿವೆಯೆಂದು ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದುಕೊಟ್ಟಿತ್ತು. ಆ ಶೇ. 50.59 ಹುಡುಗರ ಅಂಕವಷ್ಟೇ ಅಲ್ಲ. ಅವರಿಗೆ ನಾವು ಕೊಟ್ಟ ಶಾಲೆಯ ಅಂಕವೂ ಹೌದು, ಇಷ್ಟು ವರ್ಷ ಆಳಿದವರ ಅಂಕವೂ ಹೌದು.

ಹಾಗಾದರೆ ಪರೀಕ್ಷೆಯೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಶಿಫಾರಸು ಮಾಡಲು ಮಾವ-ಚಿಕ್ಕಪ್ಪ ಇಲ್ಲದ ಬಡವನ ಮಗಳಿಗೆ ಹೆಸರಿನ ಬದಲು ಬರೀ ನಂಬರ್ ಕೇಳುವ ಪರೀಕ್ಷೆಯೇ ದೊಡ್ಡ ಆಸರೆ. ನಮ್ಮ ಮೊಹಲ್ಲಾಗಳಲ್ಲಿ ಪಾಸಾದ ಹುಡುಗಿ 'ಇನ್ನೂ ಎರಡು ವರ್ಷ ಓದ್ತೀನಿ ಅಬ್ಬಾ' ಎಂದು ವಾದಿಸಬಲ್ಲಳು. ಫೇಲಾದವಳ ಮನೆಗೆ ಮರುವಾರವೇ ಗಂಡಿನ ಕಡೆಯವರು ಬರುತ್ತಾರೆ. ಮೂರು ಅಂಕದಲ್ಲಿ ಒಂದು ಬಾಳು ತಿರುಗುತ್ತದೆ. ಅದಕ್ಕೇ ಅಳತೆ ನ್ಯಾಯವಾಗಿರಬೇಕು ಎನ್ನುತ್ತಿದ್ದೇವೆಯೇ ಹೊರತು ಅಳತೆ ಬೇಡವೆಂದಲ್ಲ.

ನಮ್ಮವರಿಗೂ ಒಂದು ಮಾತು. ಪರೀಕ್ಷೆ ನಮಗೆ ವಿರೋಧವಾಗಿದೆ ಎಂದು ದೂರುತ್ತಾ ಕೂರುವುದು ಸುಲಭ. ಉರ್ದು ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲ ಎಂದಾಗ ನಮ್ಮಲ್ಲಿ ಎಷ್ಟು ಜನ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿದ್ದೇವೆ? ಮುಷಾಯಿರಾಕ್ಕೆ ಚಂದಾ ಎತ್ತುವ ಕೈಗಳು ಮಕ್ಕಳಿಗೆ ಕನ್ನಡದ ನಿಘಂಟು ಕೊಡಿಸಿವೆಯೇ? ಉರ್ದುವಿನ ಹೆಸರಿನಲ್ಲಿ ಮಗುವನ್ನು ಕನ್ನಡದಿಂದ ದೂರ ಇಡುವುದೂ ಅನ್ಯಾಯ. ಕನ್ನಡದ ಹೆಸರಿನಲ್ಲಿ ಅದರ ಲೆಕ್ಕಕ್ಕೆ ಸೊನ್ನೆ ಸುತ್ತುವುದೂ ಅನ್ಯಾಯ.

ನಾವು ಕೇಳುವುದು ಇಷ್ಟೇ. ಫಲಿತಾಂಶದ ಜೊತೆಗೆ ಯಾವ ಪ್ರಶ್ನೆಯಲ್ಲಿ ಯಾವ ಮಾಧ್ಯಮದ, ಯಾವ ಜಿಲ್ಲೆಯ ಮಕ್ಕಳು ಎಷ್ಟು ಮಂದಿ ಎಡವಿದರು ಎಂಬ ಪಟ್ಟಿಯನ್ನೂ ಜನರ ಮುಂದಿಡಿ. ಜಿಲ್ಲೆಗಳಿಗೆ ಸ್ಥಾನ ಕೊಡುವಾಗ ಪಕ್ಕದಲ್ಲೇ ಆ ಜಿಲ್ಲೆಯ ಖಾಲಿ ಶಿಕ್ಷಕರ ಹುದ್ದೆಗಳನ್ನೂ ಅಚ್ಚು ಹಾಕಿ. ತಪ್ಪಾದ ಪ್ರಶ್ನೆಯನ್ನು ಕೋರ್ಟು ಹೇಳುವ ಮೊದಲೇ ತಪ್ಪೆಂದು ಒಪ್ಪಿಕೊಳ್ಳಿ. ತನ್ನ ಪುಸ್ತಕವೇ ತಪ್ಪು ಎನ್ನಲು ಬ್ರಿಗಮ್‌ಗೆ ಏಳು ವರ್ಷ ಹಿಡಿಯಿತು. ನಮ್ಮ ಹತ್ತನೇ ತರಗತಿಯ ಹುಡುಗಿಗೆ ಅಷ್ಟು ಕಾಯಲು ಪುರುಸೊತ್ತಿಲ್ಲ.