ಗಾಳಿಗೆ ಬೆನ್ನು ಕೊಟ್ಟ ಗುಡಾರ

"ಅಜ್ಜಾ, ಈ ಸಲ ದಸರಾ ಸೂಟಿಗೆ ಸಮುದ್ರದ ದಂಡಿ ಮ್ಯಾಲೆ ಟೆಂಟ್ ಹಾಕ್ಕೊಂಡು ಮಲಗೋಣು" ಎಂದು ಗಂಗಾವತಿಯ ಮೊಮ್ಮಗಳು ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ಕೊಪ್ಪಳ ಜಿಲ್ಲೆಗೂ ಸಮುದ್ರಕ್ಕೂ ಎತ್ತಣ ಸಂಬಂಧ? ನಮಗೆ ದೊಡ್ಡ ನೀರೆಂದರೆ ಮುನಿರಾಬಾದಿನ ಕಡೆ ಕಾಣುವ ತುಂಗಭದ್ರೆಯ ಹಿನ್ನೀರು, ಅಷ್ಟೇ. ಆಮೇಲೆ ನೆನಪಾಯಿತು. ನಮ್ಮ ಕೊಪ್ಪಳದ ಮೇಲೆ ಹಾಯ್ದು ಹೋಗುತ್ತಿದ್ದ ಹಳೆಯ 63ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಶುರುವಾಗುತ್ತಿದ್ದದ್ದೇ ಅಂಕೋಲೆಯಲ್ಲಿ, ಸಮುದ್ರದ ಮಗ್ಗುಲಲ್ಲಿ. ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದರೆ ಆಯಿತು. ಎಪ್ಪತ್ತು ದಾಟಿದ ಮೇಲೂ ಈ ರಸ್ತೆಯ ಆ ತುದಿಯನ್ನು ಸರಿಯಾಗಿ ನೋಡಿಲ್ಲವಲ್ಲ ಅನ್ನಿಸಿತು.

ನಾನು ಇನ್ನೂ ಹೂಂ ಅಂದಿರಲಿಲ್ಲ. ಒಳಗಿನಿಂದ ನಮ್ಮ ಮನೆಯಾಕೆಯ ದನಿ ಬಂತು: "ರಾತ್ರಿ ಹೊತ್ತಿನ್ಯಾಗ ಸಮುದ್ರ ಹೆಂಗ ಕೂಗತೈತಿ ಅಂತ ಒಮ್ಮೆ ಕೇಳಬೇಕ್ರಿ." ಆಕೆಯ ಎರಡೂ ಮೊಣಕಾಲು ಸವೆದಿವೆ. ದೀಪಾವಳಿ ಆದ ಮೇಲೆ ಆಪರೇಷನ್ ಎಂದು ಡಾಕ್ಟರು ತಾರೀಖು ಕೊಟ್ಟಿದ್ದರು. ಅದಾದ ಮೇಲೆ ಎಷ್ಟು ತಿಂಗಳು ಮನೆಯಲ್ಲಿ ಇರಬೇಕೋ ಯಾರಿಗೆ ಗೊತ್ತು. ಹೋಗುವುದಾದರೆ ದಸರೆಗೇ ಹೋಗಬೇಕು. ಗುಡಾರ ಆರಿಸುವ ಕೆಲಸ, ಬ್ಯಾಂಕಿನಲ್ಲಿ ಲೆಜರ್ ಬರೆದು ಸವೆದ ನನ್ನ ತಲೆಗೆ ಬಂತು.

ಮೊದಲ ಗುಡಾರದಲ್ಲಿ ನಾನು ಮೋಸ ಹೋದೆ. ಫೋನಿನಲ್ಲಿ ಚಿತ್ರ ನೋಡಿ 1,800 ರೂಪಾಯಿಗೆ ತರಿಸಿದೆ. ಚಿತ್ರದಲ್ಲಿ ಅದು ಸಮುದ್ರದ ಮುಂದೆಯೇ ನಿಂತಿತ್ತು. ನಿಂತು ಬಟ್ಟೆ ಬದಲಿಸುವಷ್ಟು ಎತ್ತರ, ಹೊಳೆಯುವ ನೀಲಿ ಬಣ್ಣ, ಪೆಟ್ಟಿಗೆಯ ಮೇಲೆ 'ವಾಟರ್‌ಪ್ರೂಫ್' ಎಂಬ ದೊಡ್ಡ ಅಕ್ಷರ. ಬಂದದ್ದು ಆಷಾಢದಲ್ಲಿ. ಆಷಾಢದ ಗಾಳಿ ನಮ್ಮ ಬಯಲುಸೀಮೆಯಲ್ಲಿ ಹೇಗೆ ಬೀಸುತ್ತದೆ ಎಂದು ನಿಮಗೆ ಗೊತ್ತಲ್ಲ? ಮಾಳಿಗೆಯ ಮೇಲೆ ಕಟ್ಟಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು, ಚಹಾ ಕುಡಿಯಲು ಕೆಳಗೆ ಇಳಿದೆ. ಬಾಯಿಗೆ ಲೋಟ ಇಡುವಷ್ಟರಲ್ಲಿ ಪಕ್ಕದ ಮನೆಯವರು ಕೂಗಿದರು: "ಏನ್ರೀ ಸಾಹೇಬ್ರ, ನಿಮ್ಮ ಮನಿ ನಮ್ಮ ಬೇವಿನ ಗಿಡದಾಗ ಐತ್ರಿ!"

ಇಳಿಸಿ ನೋಡಿದರೆ ಗಾಜುನಾರಿನ ಕೋಲು ಸಿಬಿರು ಸಿಬಿರಾಗಿ ಸೀಳಿತ್ತು. ಮೊಮ್ಮಗಳಿಗೆ ಹೇಳಲು ನಾಚಿಕೆಯಾಗಿ ಎರಡು ದಿನ ಸುಮ್ಮನಿದ್ದೆ.

ಎತ್ತರದ ಗುಡಾರ ಯಾಕೆ ಹಾರುತ್ತದೆ? ಇದರಲ್ಲಿ ಒಂದು ಲೆಕ್ಕವಿದೆ ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಎದುರಿಗಿರುವ ಒಂದು ಚದರ ಮೀಟರ್ ಬಟ್ಟೆಯನ್ನು ಸುಮಾರು 6 ಕಿಲೋ ಭಾರದಷ್ಟು ಒತ್ತುತ್ತದೆ. ಗುಡಾರದ ಒಂದು ಮಗ್ಗುಲು 3 ಚದರ ಮೀಟರ್ ಇದ್ದರೆ 18 ಕಿಲೋ ಆಯಿತು. ಗಾಳಿಯ ವೇಗ ಎರಡು ಪಟ್ಟಾಗಿ 72 ಆದರೆ ಒತ್ತಡವೂ ಎರಡು ಪಟ್ಟಾಗಿ 36 ಕಿಲೋ ಆಗುತ್ತದೆ ಅನ್ನುತ್ತೀರಿ. ಅಲ್ಲ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ವೇಗ ಮೂರು ಪಟ್ಟಾದರೆ ಒಂಬತ್ತು ಪಟ್ಟು. ಅಂದರೆ 72 ಕಿಲೋ, ಗಂಗಾವತಿ ಅಕ್ಕಿಯ 25 ಕಿಲೋದ ಮೂರು ಚೀಲ ಹತ್ತಿರ ಹತ್ತಿರ ಬಂದು ಗುಡಾರಕ್ಕೆ ಒರಗಿದಂತೆ. ಸಾಲದ ಬಡ್ಡಿ ಹೀಗೆ ಏರಿದ್ದರೆ ನಮ್ಮ ಬ್ಯಾಂಕಿಗೆ ಯಾರೂ ಕಾಲಿಡುತ್ತಿರಲಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ಗಾಳಿಯಂತ್ರಗಳನ್ನು ಅಷ್ಟು ಎತ್ತರಕ್ಕೆ ನಿಲ್ಲಿಸಿರುವುದು ಮೇಲೆ ಹೋದಷ್ಟೂ ಗಾಳಿಗೆ ವೇಗ ಹೆಚ್ಚು ಎಂದೇ. ಅವುಗಳಿಗೆ ಗಾಳಿ ಬೇಕು, ನಮಗೆ ಬೇಡ. ಹಾಗಾಗಿ ನಾವು ನೆಲಕ್ಕೆ ಅಂಟಿಕೊಳ್ಳಬೇಕು.

ಈ ಮಾತನ್ನು ನನಗಿಂತ ಮೊದಲು ನಮ್ಮ ಕುರಿಗಾರರು ಕಂಡುಕೊಂಡಿದ್ದಾರೆ. ಯಲಬುರ್ಗಾದ ಹತ್ತಿರ ನಮ್ಮ ಬೀಗರ ಹೊಲದಲ್ಲಿ ಕುರಿ ತರುಬಿದ್ದರು. ಅವರ ಗುಡಾರ ನೋಡಿದರೆ ನಿಮಗೆ ನಗು ಬರಬೇಕು, ಸೊಂಟದೆತ್ತರಕ್ಕೂ ಇಲ್ಲ. ಹಿರಿಯ ಕುರಿಗಾರರೊಬ್ಬರನ್ನು ಕೇಳಿದೆ, "ಇಷ್ಟು ಗಿಡ್ಡ ಯಾಕ್ರಿ ಯಜಮಾನ್ರ?" ಅವರು ತಲೆಯ ಮೇಲಿನ ಕಂಬಳಿ ಗುಂಚಿ ಸರಿಮಾಡಿಕೊಂಡು, "ಗಾಳಿ ಬರಾಕತ್ರ ಕುರಿ ಏನ್ ಮಾಡತಾವ್ರಿ? ಬೆನ್ನು ಕೊಟ್ಟು ತಲಿ ತಗ್ಗಸತಾವು. ನಾವೂ ಹಂಗ" ಅಂದರು. ಬಾಗಿಲು ಗಾಳಿಯ ಆಚೆ ಕಡೆಗೆ, ಕಿರಿದಾದ ಹಿಂಭಾಗ ಗಾಳಿಯ ಕಡೆಗೆ.

ಇನ್ನೊಂದು ಗುಟ್ಟನ್ನೂ ಅವರೇ ಹೇಳಿಕೊಟ್ಟರು. ಮಳೆಗೆ ನೆಂದ ಎರೆಮಣ್ಣಿನಲ್ಲಿ ಗೂಟ ನಿಲ್ಲುವುದಿಲ್ಲ, ಬೆಣ್ಣೆಯಲ್ಲಿ ಕಡ್ಡಿ ಚುಚ್ಚಿದಂತೆ. ಅಲ್ಲಿ ಅವರು ಗೂಟ ಹೊಡೆಯುವುದೇ ಇಲ್ಲ. ಕಲ್ಲಿಗೆ ಹಗ್ಗ ಬಿಗಿದು, ಮೊಳದುದ್ದ ಕುಣಿ ತೋಡಿ ಹೂತು, ಮೇಲೆ ಮಣ್ಣು ತುಳಿಯುತ್ತಾರೆ. ಸಮುದ್ರದ ಉಸುಕಿಗೂ ಇದೇ ಮದ್ದು ಎಂದು ಆಮೇಲೆ ತಿಳಿಯಿತು. ಗುಡಾರದ ಜೊತೆ ಬರುವ ತೆಳ್ಳನೆಯ ಕಬ್ಬಿಣದ ಮೊಳೆಗಳು ಒಣ ಉಸುಕಿನಲ್ಲಿ ಒಂದು ಎಳೆತಕ್ಕೆ ಹೊರಗೆ. ಉಸುಕಿಗೆಂದೇ ಅಗಲವಾದ, ಮೊಳದುದ್ದದ ಮಡಿಕೆ ಗೂಟಗಳು ಸಿಗುತ್ತವೆ. ಅದಕ್ಕಿಂತ ಒಳ್ಳೆಯದು ಒಂದು ಕೈಚೀಲದಲ್ಲಿ ಉಸುಕನ್ನೇ ತುಂಬಿ, ಬಾಯಿ ಕಟ್ಟಿ, ಹಗ್ಗ ಬಿಗಿದು ಹೂಳುವುದು. ಚೀಲಕ್ಕೆ ಖರ್ಚಿಲ್ಲ, ಉಸುಕಿಗಂತೂ ಯಾರೂ ಬಿಲ್ಲು ಕೊಡುವುದಿಲ್ಲ. ನಮ್ಮ ಮನೆಯಾಕೆ ಹಳೆಯ ಪ್ಯಾಂಟುಗಳ ಕಾಲು ಕತ್ತರಿಸಿ ಎಂಟು ಚೀಲ ಹೊಲಿದಳು. ಕೂತು ಮಾಡುವ ಕೆಲಸಕ್ಕೆ ಮೊಣಕಾಲು ಅಡ್ಡ ಬರುವುದಿಲ್ಲವಲ್ಲ.

ಇನ್ನು ಮಳೆಯ ಮಾತು. 'ವಾಟರ್‌ಪ್ರೂಫ್' ಎಂದು ಬರೆದರೆ ಸಾಲದು, ಎಷ್ಟು ಎಂಬ ಅಂಕಿ ಬೇಕು. ಒಳ್ಳೆಯ ಗುಡಾರದ ಚೀಟಿಯ ಮೇಲೆ 1500 ಮಿಲಿಮೀಟರ್, 3000 ಮಿಲಿಮೀಟರ್ ಎಂದು ಬರೆದಿರುತ್ತಾರೆ. ಅದು ಬಟ್ಟೆಯ ದಪ್ಪವೂ ಅಲ್ಲ, ಮಳೆಯ ಅಳತೆಯೂ ಅಲ್ಲ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದ ನೀರು ನಿಂತಾಗ ಕೆಳಗೆ ಹನಿ ಜಿನುಗಲು ಶುರುವಾಗುತ್ತದೋ ಅದು ಆ ಅಂಕಿ. 3000 ಎಂದರೆ 3 ಮೀಟರ್ ಎತ್ತರದ ನೀರು, ನಮ್ಮ ಮನೆಯ ಮಾಳಿಗೆಯಷ್ಟು ಎತ್ತರ. ನೆಲಹಾಸಿಗೆ ಇನ್ನೂ ಹೆಚ್ಚಿನ ಅಂಕಿ ಇರಬೇಕು, ಯಾಕೆಂದರೆ ಮಳೆಹನಿಗಿಂತ ಅಜ್ಜನ ಮೊಣಕೈ ಜೋರಾಗಿ ಒತ್ತುತ್ತದೆ. ಹೊಲಿಗೆಗಳ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ್ದಾರೆಯೇ ಎಂದೂ ನೋಡಬೇಕು. ಸೂಜಿ ಹಾಯ್ದ ಪ್ರತಿಯೊಂದು ತೂತೂ ನೀರಿಗೆ ಒಂದು ಬಾಗಿಲು. ನಮ್ಮ ಕಂಬಳಿಗೆ ಈ ಚಿಂತೆ ಇರಲಿಲ್ಲ. ಹುಣಸೆಬೀಜದ ಗಂಜಿ ಕುಡಿದ ಕರಿ ಕಂಬಳಿಯ ಮೇಲೆ ಬಿದ್ದ ಮಳೆ ಒಳಗೆ ಇಳಿಯದೆ ಜಾರಿ ಹೋಗುತ್ತಿತ್ತು. ಆದರೆ ಒಂದು ಕಂಬಳಿ ನೆಂದರೆ ಹೊರಲು ಒಂದು ಕತ್ತೆ ಬೇಕು!

ಬಟ್ಟೆ ಎರಡು ಪದರದ್ದಿರಲಿ, ಒಳಗೆ ಗಾಳಿಯಾಡುವ ತೆಳು ಬಟ್ಟೆ, ಮೇಲೆ ಮಳೆಯ ಹೊದಿಕೆ. ನಾವು ಬಿಡುವ ಉಸಿರಿನ ಆವಿ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತದೆ. ಒಂದೇ ಪದರವಿದ್ದರೆ ಬೆಳಗಿನ ಜಾವ ಅದು ನಮ್ಮ ಮುಖದ ಮೇಲೇ ತೊಟ್ಟಿಕ್ಕುತ್ತದೆ, ನಾವು ಸೋರಿತು ಎಂದು ಅಂಗಡಿಯವನನ್ನು ಬೈಯುತ್ತೇವೆ.

ಇಷ್ಟೆಲ್ಲ ಕಲಿತ ಮೇಲೆ ದೊಡ್ಡ ಪೇಚು ಎದುರಾಯಿತು. ಗಾಳಿಗೆ ಗಿಡ್ಡ ಗುಡಾರ ಬೇಕು. ಮೊಣಕಾಲಿಗೆ ಎತ್ತರದ್ದು ಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಹುಡುಗನೊಬ್ಬ ಆರು ಮಂದಿ ಮಲಗುವ, ಆರು ಅಡಿ ಎತ್ತರದ ಗುಡಾರ ತೋರಿಸಿ, "ಅಮ್ಮಾರಿಗೆ ಇದ ಪಾಡ ಆಗತೈತ್ರಿ" ಅಂದ. ನನಗೂ ಹೌದೆನಿಸಿತು. ಬೇವಿನ ಗಿಡ ನೆನಪಾಗಿ ಜೇಬಿನಿಂದ ಕೈ ತೆಗೆದೆ. ಅವಳೇ ದಾರಿ ಕಂಡುಕೊಂಡಳು. ಅಂಗಡಿಯಲ್ಲಿ ಬಿಡಿಸಿಟ್ಟಿದ್ದ ಗಿಡ್ಡ ಗುಡಾರದ ಬಾಗಿಲಿಗೆ ಒಂದು ಸಣ್ಣ ಸ್ಟೂಲು ತರಿಸಿ, ಅದರ ಮೇಲೆ ಹೊರಗೆ ಮುಖ ಮಾಡಿ ಕೂತು, ಹಿಂದಕ್ಕೆ ಒರಗಿ, ಕಾಲು ಎತ್ತಿ ಒಳಗೆಳೆದುಕೊಂಡಳು. ಮೊಣಕಾಲು ಊರಲೇ ಇಲ್ಲ. ಮೊಮ್ಮಗಳು ಚಪ್ಪಾಳೆ ಹೊಡೆದಳು. "ಅಮ್ಮಾ, ಇನ್ನೊಮ್ಮೆ!" (ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತೇವೆ, ತಾಯಿಗೆ ಅವ್ವ.) ಅಲ್ಯೂಮಿನಿಯಂ ಕೋಲುಗಳು ಒಂದರ ಮೇಲೊಂದು ಮೂರು ಕಡೆ ಅಡ್ಡ ಹಾಯುವ, ಬುಟ್ಟಿ ಬೋರಲು ಹಾಕಿದಂತಿರುವ ಆ ಗುಡಾರಕ್ಕೆ 7,400 ರೂಪಾಯಿ ಕೊಟ್ಟೆವು. ಕಬ್ಬಿಣದ ಕೋಲಾದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಅಡಿಗೆ ಹಾಸಲು ಗಂಗಾವತಿಯಲ್ಲಿ ಭತ್ತದ ರಾಶಿಗೆ ಹೊದಿಸುವ ತಾಡಪತ್ರಿ ಕೊಂಡೆವು. ಅದು ಗುಡಾರಕ್ಕಿಂತ ಅಂಗೈ ಅಗಲ ಚಿಕ್ಕದೇ ಇರಬೇಕು. ಹೊರಗೆ ಚಾಚಿಕೊಂಡರೆ ಮಳೆನೀರನ್ನು ಹಿಡಿದು ನಮ್ಮ ಬೆನ್ನಡಿಗೇ ತರುತ್ತದೆ.

ಗೋಕರ್ಣಕ್ಕೆ ಹೋದೆವು. ಸಮುದ್ರದ ದಂಡೆಯಲ್ಲಿ ಕಂಡಲ್ಲೆಲ್ಲ ಗುಡಾರ ಹೊಡೆಯಬಾರದು, ಮೊದಲು ಅಲ್ಲಿಯವರನ್ನು ಕೇಳಬೇಕು. ಒಂದು ಮನೆಯವರು ತಮ್ಮ ಹಿತ್ತಲಿನ ಆಚೆ, ಗಾಳಿಮರಗಳ ಹಿಂದೆ ಜಾಗ ಕೊಟ್ಟರು. ಗಾಳಿಮರ ಎಂದರೆ ಸೂಜಿಯಂಥ ಎಲೆಯ, ಸದಾ ಸುಯ್ ಎನ್ನುವ ಮರ. ಇದನ್ನು ನಮ್ಮ ದೇಶದಲ್ಲಿ ಮೊದಲು ತಂದು ನೆಟ್ಟಿದ್ದು ಕಾರವಾರದ ಕಡೆ, 1868ರಲ್ಲಿ. ಉಸುಕಿನಲ್ಲಿ ಬೇರು ಬಿಟ್ಟು ಗಾಳಿ ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಭರತದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಒಣಗಿದ ಪಾಚಿ, ಕಡ್ಡಿಗಳ ಗೆರೆ ತೋರಿಸುತ್ತದೆ. ಅದರಿಂದ ಬಹಳ ಮೇಲೆ ಇರಬೇಕು, ಹುಣ್ಣಿಮೆ ಅಮಾವಾಸ್ಯೆ ಹತ್ತಿರವಿದ್ದರೆ ಇನ್ನೂ ಮೇಲೆ, ಏಕೆಂದರೆ ಆ ದಿನಗಳಲ್ಲಿ ನೀರು ಹೆಚ್ಚು ಏರುತ್ತದೆ.

ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಸಮುದ್ರದ ತಂಪು ಗಾಳಿ ನುಗ್ಗಿ ಬರುತ್ತದೆ. ಇದು ನಿಮ್ಮ ಪಾಠದಲ್ಲೇ ಇದೆ. ಹಾಗಾಗಿ ಗುಡಾರದ ಬೆನ್ನನ್ನು ಪಶ್ಚಿಮಕ್ಕೆ, ಸಮುದ್ರಕ್ಕೆ ಕೊಟ್ಟೆ. ಎಂಟು ಚೀಲ ಹೂತೆವು. ಒಂಬತ್ತನೆಯ ಹಗ್ಗಕ್ಕೆ ಚೀಲ ಸಾಲದೆ ಗುಡಾರದ ಜೊತೆ ಬಂದಿದ್ದ ಕಬ್ಬಿಣದ ಮೊಳೆಯನ್ನೇ ಹೊಡೆದೆ. ಎಲ್ಲ ಲೆಕ್ಕ ಸರಿಹೋಯಿತು ಎಂದು ಬೀಗುತ್ತಿದ್ದೆ.

ಸಂಜೆ ಆರರ ಹೊತ್ತಿಗೆ ಘಟ್ಟದ ಮೇಲೆ ಮೋಡ ಕಪ್ಪಾಯಿತು. ಮುಂಗಾರಿನ ಮಳೆ ಸಮುದ್ರದಿಂದ ಬರುತ್ತದೆ. ದಸರೆಯ ಹೊತ್ತಿನ ಗುಡುಗು ಮಳೆ ಅಲ್ಲಿ ಹೆಚ್ಚಾಗಿ ಬೆನ್ನ ಹಿಂದಿನಿಂದ, ಪೂರ್ವದ ಘಟ್ಟದ ಕಡೆಯಿಂದ ಬರುತ್ತದೆ. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಾಳಿ ನೇರ ಬಾಗಿಲಿಗೇ ಬಡಿಯಿತು. ಮೊಮ್ಮಗಳು ಗುಡಾರ ಹಿಡಿದುಕೊಂಡು ನಿಲ್ಲುತ್ತೇನೆ ಎಂದು ಹಟ ಹಿಡಿದಳು. ಅಳಿಯ ಅವಳನ್ನು ಎತ್ತಿಕೊಂಡ. ಮಿಂಚು ಗುಡುಗಿನ ಹೊತ್ತಿನಲ್ಲಿ ಎಂಥ ದುಬಾರಿ ಗುಡಾರವೂ ಆಸರೆಯಲ್ಲ ಮಕ್ಕಳೇ. ಅದು ಮಳೆಗೆ ಮಾತ್ರ. ಸಿಡಿಲಿಗೆ ಪಕ್ಕಾ ಮನೆಯೇ ಬೇಕು. ಅವಳನ್ನು ನಾನೂ ಮಗಳೂ ಎರಡು ಕಡೆ ಹಿಡಿದು ಆ ಮನೆಯ ಜಗಲಿಗೆ ತರುವಷ್ಟರಲ್ಲಿ ಎಲ್ಲರೂ ತೊಯ್ದು ತೊಪ್ಪೆಯಾಗಿದ್ದೆವು. ನಮ್ಮ ಆನೆಗೊಂದಿ ಸೀಮೆಯಲ್ಲಿ ಶ್ರೀರಾಮನೂ ಮಳೆಗಾಲವನ್ನು ಗುಹೆಯಲ್ಲಿಯೇ ಕಳೆದ ಎಂದು ಹೇಳಿ ಸಮಾಧಾನ ಮಾಡಲು ನೋಡಿದೆ. ಅವಳು ನಗಲಿಲ್ಲ. ಜಗಲಿಯ ಗೋಡೆಗೆ ಒರಗಿ ಗುಡಾರದ ದಿಕ್ಕಿಗೇ ನೋಡುತ್ತಿದ್ದಳು. ಮರುದಿನ ಊರಿಗೆ ಹೊರಡಬೇಕಿತ್ತು.

ಒಂದು ತಾಸಿಗೆ ಮಳೆ ನಿಂತಿತು. ಬ್ಯಾಟರಿ ಹಿಡಿದು ಹೋದೆ. ಬೇವಿನ ಗಿಡದಂತೆ ಯಾವುದಾದರೂ ಗಾಳಿಮರದ ಮೇಲೆ ಹುಡುಕಬೇಕಾದೀತು ಎಂದುಕೊಂಡಿದ್ದೆ. ಗುಡಾರ ನಿಂತಿತ್ತು. ಕಬ್ಬಿಣದ ಮೊಳೆ ಮಾತ್ರ ಕಿತ್ತು ಹೋಗಿತ್ತು, ಆ ಹಗ್ಗ ಗಾಳಿಯಲ್ಲಿ ಪಟಪಟ ಬಡಿಯುತ್ತಿತ್ತು. ಪ್ಯಾಂಟಿನ ಕಾಲುಗಳು ಎಂಟೂ ಹೂತಲ್ಲೇ ಇದ್ದವು. ಒಳಗೆ ಜಿಪ್ಪಿನ ಸಂದಿಯಿಂದ ಒಂದು ಲೋಟದಷ್ಟು ನೀರು ಬಂದಿತ್ತು, ಅಷ್ಟೇ. ಟವೆಲಿನಿಂದ ಒರೆಸಿದೆ. ಸೊಳ್ಳೆಬತ್ತಿ ಹಚ್ಚಲು ಅಳಿಯ ಕಡ್ಡಿ ಗೀರಲು ಬಂದಾಗ ಬೇಡವೆಂದೆ. ಗುಡಾರದೊಳಗೆ ಬೆಂಕಿ, ಹೊಗೆ ಎರಡೂ ಸಲ್ಲದು. ಬಟ್ಟೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ.

ಒಂಬತ್ತು ಗಂಟೆಗೆ ಅವಳು ಸ್ಟೂಲಿನ ಮೇಲೆ ಕೂತು, ಹಿಂದಕ್ಕೆ ಒರಗಿ ಕಾಲು ಒಳಗೆಳೆದುಕೊಂಡಳು. ಮೊಮ್ಮಗಳು ಪಕ್ಕದಲ್ಲಿ. ಮಗಳು ಅಳಿಯ ಆ ಮನೆಯ ಜಗಲಿಯಲ್ಲೇ ಉಳಿದರು. ಮಳೆಯ ನಂತರ ಗಾಳಿ ಬಿದ್ದು, ತೆರೆಯ ಸದ್ದು ಇನ್ನೂ ಹತ್ತಿರವಾಗಿ ಕೇಳುತ್ತಿತ್ತು. ನಾನು ಎಚ್ಚರವಿರಬೇಕು ಎಂದುಕೊಂಡವನೇ ಮೊದಲು ನಿದ್ದೆ ಹೋದೆನಂತೆ.

ಬೆಳಿಗ್ಗೆ ಕೇಳಿದೆ, "ಹೆಂಗಿತ್ತು?"

"ನೀವು ಗೊರಕಿ ಹೊಡದದ್ದ ಜಾಸ್ತಿ ಕೇಳಸ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅದು ಕೂಗೂದಿಲ್ರಿ. ಉಸುರು ಬಿಟ್ಟಂಗ ಮಾಡತೈತಿ, ದೊಡ್ಡ ದನ ಮಲಗಿದಂಗ" ಅಂದಳು.

ಕೊಪ್ಪಳಕ್ಕೆ ಬಂದ ಮೇಲೆ ಗುಡಾರವನ್ನು ಸಿಹಿನೀರಿನಲ್ಲಿ ತೊಳೆದು, ಜಿಪ್ಪುಗಳಿಂದ ಉಸುಕು ಝಾಡಿಸಿ, ನೆರಳಿನಲ್ಲಿ ಎರಡು ದಿನ ಒಣಗಿಸಿದೆ. ಉಪ್ಪು ಉಳಿದರೆ ಜಿಪ್ಪು ಕಚ್ಚಿಕೊಳ್ಳುತ್ತದೆ, ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ, ಸುಮ್ಮನೆ ಬಿಸಿಲಿಗೆ ಬಿಟ್ಟರೆ ಬಟ್ಟೆ ಕುಂಬಾಗುತ್ತದೆ. ಝಾಡಿಸಿದ ಉಸುಕನ್ನು ತುಳಸಿ ಕುಂಡಕ್ಕೆ ಹಾಕಲು ಹೊರಟಿದ್ದಳು, ಉಪ್ಪು ಇದೆ ಗಿಡ ಸಾಯುತ್ತದೆ ಎಂದು ತಡೆದೆ. ಈಗ ಅದು ದೇವರ ಮಾಡದಲ್ಲಿ ಒಂದು ಸಣ್ಣ ಡಬ್ಬಿಯಲ್ಲಿದೆ. ಆಪರೇಷನ್ ಮುಂದಿನ ಮಂಗಳವಾರ.