‘ಕರೆಂಟ್’ ಕೊಟ್ಟ ಮೇಲೆ ಗಡ್ಡೆ ಕರಗಿತೇ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಬಂದ ಹೆಣ್ಣುಮಕ್ಕಳು ವಿಕಿರಣ ಚಿಕಿತ್ಸೆಗೆ ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರಕ್ಕೆ ಬರುತ್ತಾರೆ. ಗಡಿ ದಾಟಿ ಸೊಲ್ಲಾಪುರ, ಬಾರ್ಶಿಗೆ ಹೋಗುವವರೂ ಉಂಟು. ಎರಡು ವಾರ ಕಳೆಯುವುದರೊಳಗೆ ಮನೆಯವರ ಪ್ರಶ್ನೆ ಶುರುವಾಗುತ್ತದೆ: ‘ಕರೆಂಟ್ ಕೊಡಾಕತ್ತಾರಲ್ರಿ, ಗಡ್ಡಿ ಕರಗೇದೇನ್ರಿ?’

ಪ್ರಶ್ನೆ ಸಹಜವಾದುದೇ. ಆದರೆ ವಿಕಿರಣವು ಗಡ್ಡೆಯನ್ನು ಬೆಣ್ಣೆಯಂತೆ ಕರಗಿಸುವುದಿಲ್ಲ. ಅದು ಜೀವಕೋಶಗಳ ಒಳಗೆ ಹಾನಿ ಮಾಡುತ್ತದೆ. ಆ ಕೋಶಗಳು ವಿಭಜನೆಗೆ ಹೊರಟಾಗ ಸಾಯುತ್ತವೆ. ಹೀಗಾಗಿ ಒಳಗೆ ಕ್ಯಾನ್ಸರ್ ಸಾಯುತ್ತಿದ್ದರೂ ಹೊರಗಿನ ಗಾತ್ರ ಕೆಲಕಾಲ ಹಾಗೆಯೇ ಕಾಣಬಹುದು.

ಇಲ್ಲಿ ನೆರವಿಗೆ ಬರುವುದು ‘ಡಿಫ್ಯೂಷನ್ ಎಂ.ಆರ್.ಐ.’. 1980ರ ದಶಕದ ಮಧ್ಯದಲ್ಲಿ ಫ್ರಾನ್ಸಿನ ಡೆನಿ ಲೆ ಬಿಯಾನ್ ಅವರು ಬೆಳೆಸಿದ ಈ ವಿಧಾನ ಅಂಗಾಂಶದಲ್ಲಿ ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ಹುಣ್ಣಿಮೆಯ ದಿನ ಗಾಣಗಾಪುರದ ಗುಡಿಯ ಮುಂದೆ ಹೆಜ್ಜೆ ಇಡಲೂ ಜಾಗವಿರುವುದಿಲ್ಲ. ಜನ ಚದುರಿದ ಮೇಲೆ ಸಲೀಸಾಗಿ ನಡೆಯಬಹುದು. ಕ್ಯಾನ್ಸರ್ ಗಡ್ಡೆಯಲ್ಲಿ ಕೋಶಗಳು ಕಿಕ್ಕಿರಿದಿರುವುದರಿಂದ ನೀರು ಅಲ್ಲಲ್ಲೇ ಸಿಕ್ಕಿಬೀಳುತ್ತದೆ. ಕೋಶಗಳು ಸತ್ತು ಗುಂಪು ಚದುರಿದಂತೆ ಅದರ ಓಡಾಟ ಹೆಚ್ಚುತ್ತದೆ. ಗಾತ್ರ ಇಳಿಯುವ ಮೊದಲೇ, ಎರಡು-ಮೂರು ವಾರಗಳಲ್ಲಿಯೇ, ಈ ಬದಲಾವಣೆ ಕಾಣಬಹುದು.

ಇದನ್ನು ಕೇಳಿದ ಕೂಡಲೇ ಸಾಲ ಮಾಡಿ ಸ್ಕ್ಯಾನ್ ಸೆಂಟರಿಗೆ ಓಡುವವರಿಗೆ ನನ್ನದೊಂದು ಮಾತು: ಓಡಬೇಡಿ. ವಿಕಿರಣದಿಂದ ಬರುವ ಬಾವು ಕೂಡ ನೀರಿನ ಓಡಾಟವನ್ನು ಹೆಚ್ಚಿಸಿ ಮೋಸ ಮಾಡುತ್ತದೆ. ಯಂತ್ರದಿಂದ ಯಂತ್ರಕ್ಕೆ ಅಂಕಿ ಬದಲಾಗುತ್ತದೆ. ಮಧ್ಯದಲ್ಲಿ ಬಂದ ಒಂದು ಅಂಕಿಯನ್ನು ಮಾತ್ರ ನಂಬಿ ಯಾವ ವೈದ್ಯರೂ ಚಿಕಿತ್ಸೆ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು.

ನಿಲ್ಲಿಸುವವರು ಹೆಚ್ಚಾಗಿ ಮನೆಯವರೇ! ರಕ್ತಸ್ರಾವ ನಿಂತಿತು, ತೊಗರಿ ರಾಶಿ ಬಂತು, ಇನ್ನು ಸಾಕು ಎಂದು ಊರಿಗೆ ಹೊರಟುಬಿಡುತ್ತಾರೆ. ಸುಮಾರು 25 ದಿನಗಳ ಹೊರಗಿನ ವಿಕಿರಣ, ಬಳಿಕ ಒಳಗಿನಿಂದ ಕೊಡುವ ವಿಕಿರಣ, ಎಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕು. ಚಿಕಿತ್ಸೆ ಎಳೆದಂತೆಲ್ಲ ಪ್ರತಿ ಹೆಚ್ಚುವರಿ ದಿನಕ್ಕೆ ರೋಗ ಹತೋಟಿಗೆ ಬರುವ ಸಾಧ್ಯತೆ ಸರಿಸುಮಾರು ಶೇಕಡ ಅರ್ಧದಿಂದ ಒಂದರಷ್ಟು ತಗ್ಗುತ್ತದೆಂದು 1990ರ ದಶಕದ ಅಧ್ಯಯನಗಳೇ ತೋರಿಸಿವೆ. ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿ.ಮೀ.; ಅಫಜಲಪುರ ಇನ್ನೂ ದೂರ. ನಿತ್ರಾಣಗೊಂಡ ಹೆಂಗಸು ದಿನಾ ಬಸ್ಸಿನಲ್ಲಿ ಬಂದು ಹೋಗುವುದು ಕಷ್ಟ. ಹೆಚ್ಚುವರಿ ಸ್ಕ್ಯಾನಿಗೆ ಸುರಿಯುವ ಹಣದಲ್ಲಿ ಆಸ್ಪತ್ರೆಯ ಬಳಿ ಒಂದು ಕೋಣೆ ಹಿಡಿದರೆ ಆಕೆಗೆ ಹೆಚ್ಚು ಉಪಕಾರ.

ಹಾಗಾದರೆ ಈ ಸ್ಕ್ಯಾನ್ ಬೇಡವೇ? ಬೇಕು, ಸಮಯ ನೋಡಿ. ಒಳವಿಕಿರಣಕ್ಕೆ ಮುನ್ನ ವೈದ್ಯರು ಎಂ.ಆರ್.ಐ. ಬರೆದಾಗ ಡಿಫ್ಯೂಷನ್ ಭಾಗವೂ ಸೇರಿದೆಯೇ ಎಂದು ಕೇಳಿ. ಅದಕ್ಕೆ ಕೆಲವೇ ನಿಮಿಷ ಹೆಚ್ಚು ಸಾಕು. ಇಂಜೆಕ್ಷನ್ ಬೇಡ, ಕ್ಷಕಿರಣವೂ ಇಲ್ಲ. ಚಿಕಿತ್ಸೆ ಮುಗಿದು ಸುಮಾರು ಮೂರು ತಿಂಗಳಿಗೆ, ಉಳಿದ ಗಂಟು ಕಲೆಯೋ ಕ್ಯಾನ್ಸರೋ ಎಂಬ ಅನುಮಾನ ಬಂದಾಗ ಇದರ ಬೆಲೆ ಇನ್ನೂ ಹೆಚ್ಚು. ಹಳೆಯ ಚಿತ್ರವಿಲ್ಲದೆ ಹೋಲಿಕೆ ಸಾಧ್ಯವಿಲ್ಲವಾದ್ದರಿಂದ ಮೊದಲ ಫಿಲ್ಮು, ಸಿ.ಡಿ.ಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ ಮೊದಲೇ ತಿಳಿಸಬೇಕು. ತಾಳಿ, ಕಾಲುಂಗುರ, ಬಳೆಗಳನ್ನು ತೆಗೆದಿಡಬೇಕಾಗುತ್ತದೆ. ತಾಳಿ ತೆಗೆಯಲು ಮನಸ್ಸು ಒಪ್ಪದಿದ್ದರೆ ಅರಿಶಿನದ ಕೊಂಬನ್ನು ನೂಲಿನ ದಾರಕ್ಕೆ ಕಟ್ಟಿಕೊಂಡು ಒಳಗೆ ಹೋಗಲು ಅಡ್ಡಿಯಿಲ್ಲ.