ಜಗಲಿಯ ದೇವರು, ಮನೆಯವರ ಮಾತು

ದೇವರನ್ನು ಬಿಡು ಎಂದು ಮನೆಯವರು ಯಾವತ್ತೂ ಹೇಳುವುದಿಲ್ಲ. ನಮ್ಮ ಬಾಗಲಕೋಟೆ ಕಡೆಯ ಮನೆಗಳಲ್ಲಂತೂ ಜಗಲಿ ಬರಿದಾಗುವುದಿಲ್ಲ. ಸೋಮವಾರದ ಪೂಜೆ, ಶ್ರಾವಣದ ಪುರಾಣ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಎಲ್ಲವೂ ತಪ್ಪದೆ ನಡೆಯುತ್ತವೆ. ಮನೆಯವರು ಹೇಳುವುದು ಬೇರೆ. "ಎಲ್ಲಾರೂ ತಗೋತಾರ, ನಾವಷ್ಟ ವರದಕ್ಷಿಣಿ ಒಲ್ಲೆ ಅಂದ್ರ ಹುಡುಗನ್ಯಾಗ ಏನೋ ಐಬು ಐತಿ ಅಂತಾರ." "ಅಕ್ಕಗ ಹೊಲದಾಗ ಪಾಲು ಯಾಕ? ಸೀರಿ ಕೊಟ್ಟು ಕಳಿಸಿದ್ರಾತು." "ನಮ್ಮ ಸಲುವಾಗಿ ಒಂದ್ ಸಲ." ಹೀಗೆ ಹೇಳುವವರು ವೈರಿಗಳಲ್ಲ. ಹೆತ್ತ ತಾಯಿ, ಕೈಹಿಡಿದ ಹೆಂಡತಿ, ಜೀವದ ಗೆಳೆಯ. ವೈರಿಯ ಮಾತಾಗಿದ್ದರೆ ತಿರುಗಿ ಬಿದ್ದು ದಕ್ಕಿಸಿಕೊಳ್ಳಬಹುದಿತ್ತು. ಪ್ರೀತಿಯ ಮುಂದೆ ಆ ಕಸುವು ಉಡುಗುತ್ತದೆ.

ಹಾಗಾದರೆ ದೇವರಿಗೆ ನಿಷ್ಠರಾಗಿ ಉಳಿಯುವುದೆಂದರೇನು? ಪೂಜೆ ತಪ್ಪಿಸದಿರುವುದಷ್ಟೇ ಆದರೆ ನಾವೆಲ್ಲ ನಿಷ್ಠರೇ. ಅಷ್ಟು ಸಾಲದು ಎಂಬುದಕ್ಕೆ ಬಾದಾಮಿಯ ಗುಡ್ಡದಲ್ಲೇ ಸಾಕ್ಷಿಯಿದೆ.

ಬಾದಾಮಿಯ ಮೂರನೆಯ ಗುಹೆಯನ್ನು ವಿಷ್ಣುವಿಗಾಗಿ ಕೊರೆಯಿಸಿದವನು ಚಾಲುಕ್ಯ ಮಂಗಳೇಶ, ಕ್ರಿ.ಶ. 578ರಲ್ಲಿ. ಆಗ ಗದ್ದುಗೆಯ ಮೇಲಿದ್ದವನು ಅವನ ಅಣ್ಣ ಕೀರ್ತಿವರ್ಮ. ಈ ಕೆಲಸದ ಪುಣ್ಯವೆಲ್ಲ ಅಣ್ಣನಿಗೇ ಸಲ್ಲಲಿ ಎಂದು ಮಂಗಳೇಶ ಅಲ್ಲಿನ ಶಾಸನದಲ್ಲಿ ಬರೆಯಿಸಿದ. ಅಣ್ಣ ತೀರಿಕೊಂಡ ಮೇಲೆ ರಾಜ್ಯ ತಮ್ಮನ ಕೈಗೆ ಬಂತು. ಮುಂದೆ ಅದು ಅಣ್ಣನ ಮಗ ಇಮ್ಮಡಿ ಪುಲಕೇಶಿಗೆ ಹೋಗಬೇಕಾಗಿತ್ತು. ಅಷ್ಟರಲ್ಲಿ ಪುತ್ರಮೋಹ ಅಡ್ಡ ಬಂತು. ತನ್ನ ಮಗನಿಗೆ ಪಟ್ಟ ಕಟ್ಟಲು ಹೊರಟ ಮಂಗಳೇಶ ರಾಜ್ಯದ ಜೊತೆಗೆ ಪ್ರಾಣವನ್ನೂ ಕಳೆದುಕೊಂಡ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆದ ಶಾಸನ ಈ ಸಂಗತಿಯನ್ನು ದಾಖಲಿಸಿದೆ. ಅದು ಗೆದ್ದ ಪುಲಕೇಶಿಯ ಕಡೆಯ ಬರಹ, ನಿಜ. ಆದರೂ ಒಂದನ್ನು ಗಮನಿಸಬೇಕು: ಮಂಗಳೇಶ ವಿಷ್ಣುವನ್ನು ಬಿಟ್ಟ ಎಂದು ಯಾರೂ ಹೇಳಿಲ್ಲ. ಗುಹೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಣ್ಣನ ಹೆಸರಿಗೆ ಪುಣ್ಯ ಬರೆದುಕೊಟ್ಟವನು ಅಣ್ಣನ ಮಗನಿಗೆ ರಾಜ್ಯ ಬಿಟ್ಟುಕೊಡಲಿಲ್ಲ. ದೇವರು ಕಲ್ಲಿನಲ್ಲಿ ಉಳಿದ, ನಡತೆಯಿಂದ ಜಾರಿದ.

ಇದಕ್ಕೆ ಎದುರಾಗಿ ಬಸವಣ್ಣನವರನ್ನು ನಿಲ್ಲಿಸಿ ನೋಡಿ. ಅವರು ಬಿಟ್ಟುಬಂದ ಬಾಗೇವಾಡಿಯ ಮನೆ ದೇವರಿಲ್ಲದ ಮನೆಯಲ್ಲ. ವೇದ, ವ್ರತ, ಹೋಮಗಳಿಂದ ತುಂಬಿದ್ದ ಮನೆ. ಮನೆಬಿಟ್ಟ ಬಗೆಯನ್ನು ಪುರಾಣಕಾರರು ಒಂದೇ ರೀತಿ ಹೇಳುವುದಿಲ್ಲ. ಹರಿಹರನ ರಗಳೆಯಲ್ಲಿ ಒಂದು ಬಗೆ, ಭೀಮಕವಿ 1369ರಲ್ಲಿ ಬರೆದ ಬಸವಪುರಾಣದಲ್ಲಿ ಇನ್ನೊಂದು. ಜನರ ಬಾಯಲ್ಲಿ ಉಳಿದಿರುವ ಕಥೆಯಲ್ಲಿ ಹುಡುಗ ಕೇಳುವ ಪ್ರಶ್ನೆ ಇದು: ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ನನಗೇಕೆ? ಉಪನಯನ ಮಾಡಲು ನಿಂತ ಅಪ್ಪ, ಅವ್ವ ಮಗನ ಕೇಡು ಬಯಸಿದವರಲ್ಲ. ತಮ್ಮಲ್ಲಿದ್ದ ಅತಿ ದೊಡ್ಡ ಗೌರವವನ್ನೇ ಅವನ ಹೆಗಲಿಗೆ ಹಾಕಲು ಬಂದಿದ್ದರು. ಅದು ಎಲ್ಲರಿಗೂ ಸಲ್ಲದ ಗೌರವ ಎಂಬುದೇ ಅವನಿಗೆ ಒಪ್ಪಿಗೆಯಾಗಲಿಲ್ಲ. ಅವನು ಕೃಷ್ಣೆ, ಮಲಪ್ರಭೆ ಕೂಡುವ ಸಂಗಮಕ್ಕೆ ನಡೆದ.

ಇಲ್ಲೊಂದು ತಕರಾರು ಏಳುತ್ತದೆ, ಏಳಬೇಕು ಕೂಡ. ಹಟಮಾರಿಯೂ ದೇವರ ಹೆಸರನ್ನೇ ಹೇಳುತ್ತಾನಲ್ಲ? ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಯಾತ್ರೆಗೆ ಹೊರಡುವವನೂ ಭಕ್ತಿ ಎನ್ನುತ್ತಾನೆ. ಬೇರೆ ಜಾತಿಯ ಸೊಸೆಯನ್ನು ಹೊಸ್ತಿಲಾಚೆ ನಿಲ್ಲಿಸುವವನೂ ಆಚಾರ ಎನ್ನುತ್ತಾನೆ. ಇವರಿಗೂ ಬಸವಣ್ಣನವರಿಗೂ ಏನು ವ್ಯತ್ಯಾಸ? ಬಸವಣ್ಣನವರು ಕರಣಿಕರಾಗಿದ್ದವರು, ಅವರ ಕಸುಬಿನ ಮಾತಿನಲ್ಲೇ ಹೇಳುವುದಾದರೆ, ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಎಂದು ನೋಡಬೇಕು. ಅವರು ಬಿಟ್ಟದ್ದು ತಮ್ಮ ಕುಲದ ಹಿರಿಮೆಯನ್ನು. ಹಟಮಾರಿಯ ಭಕ್ತಿಗೆ ಖರ್ಚಾಗುವುದು ತಾಯಿಯ ನೋವು, ಸೊಸೆಯ ಕಣ್ಣೀರು. ಪರರ ಗಂಟಿನಿಂದ ತೀರಿಸಿದ ಹರಕೆ ಹರಕೆಯಲ್ಲ.

ಪ್ರೀತಿಪಾತ್ರರೆಲ್ಲ ದಾರಿ ತಪ್ಪಿಸುವವರೇ ಎಂದುಕೊಂಡರೆ ಅದೂ ತಪ್ಪು. ಅಕ್ಕ ನಾಗಮ್ಮ ತಮ್ಮನ ಜೊತೆಗೆ ನಿಂತವಳು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಮರಳಿ ಸುರಿದು ಬಾ ಎಂದು ಕಳಿಸಿದವಳು ಹೆಂಡತಿ ಲಕ್ಕಮ್ಮ. ಆಸೆ ಗಂಡನದು, ಎಚ್ಚರ ಹೆಂಡತಿಯದು. ಬದುಕಿನ ಜೊತೆಗಾರರು ಎಳೆಯುವಷ್ಟೇ ಬಲವಾಗಿ ತಡೆಯಲೂ ಬಲ್ಲರು.

ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ ಈ ಗುಟ್ಟನ್ನು ಅರಿತಿದ್ದರು ಎನಿಸುತ್ತದೆ. ಅವರು ಜೋಳಿಗೆ ಹಿಡಿದು ಊರೂರು ತಿರುಗಿ ಜೋಳ, ರೊಕ್ಕ ಬೇಡಲಿಲ್ಲ. ನಿಮ್ಮ ಚಟ ಹಾಕಿರಿ ಎಂದು ಬೇಡಿದರು. ಅದೇ ಮಹಾಂತ ಜೋಳಿಗೆ. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕುಡಿತಕ್ಕೆ ಮೊದಲು ಕರೆಯುವವನು ಸಾಮಾನ್ಯವಾಗಿ ಗೆಳೆಯನೇ. ಬಿಟ್ಟ ಮೇಲೆ ಮತ್ತೆ ಎಳೆಯುವವನೂ ಅವನೇ. ಮನಸ್ಸಿನೊಳಗೆ ಮಾಡಿದ ಪ್ರತಿಜ್ಞೆಯನ್ನು ಮನಸ್ಸಿನೊಳಗೇ ಮುರಿಯಬಹುದು. ನಾಲ್ಕು ಮಂದಿಯೆದುರು ಜೋಳಿಗೆಗೆ ಹಾಕಿದ್ದನ್ನು ಮರಳಿ ತೆಗೆದುಕೊಳ್ಳಲು ನಾಚಿಕೆಯಾಗುತ್ತದೆ. ಒಂಟಿ ನಿಷ್ಠೆಗೆ ಊರು ಹೆಗಲು ಕೊಡಬೇಕು.

ಹರಿಹರನ ರಗಳೆಯಲ್ಲಿ ಇನ್ನೊಂದು ಮಾತಿದೆ. ಸಂಗಮದಲ್ಲೇ ಉಳಿಯಬೇಕೆಂದಿದ್ದ ಬಸವನನ್ನು ಸಂಗಮನಾಥನೇ ಮಂಗಳವಾಡಕ್ಕೆ, ಬಿಜ್ಜಳನ ಊರಿಗೆ, ಕಳಿಸುತ್ತಾನೆ. ಮನೆ ಬಿಟ್ಟು ಬಂದವನನ್ನು ದೇವರು ಮತ್ತೆ ಮಂದಿಯ ನಡುವೆಯೇ ದೂಡಿದ. ಅಲ್ಲಿ ಅವರು ಮದುವೆಯಾದರು, ಸಂಬಳಕ್ಕೆ ದುಡಿದರು. ಮಾತಿನ ಕೊನೆಗೆ ಮಾತ್ರ ಎಲ್ಲಿದ್ದರೂ ಕೂಡಲಸಂಗಮನ ಹೆಸರೇ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ನಿಷ್ಠೆಗಾಗಿ ಎಲ್ಲರೂ ಮನೆ ಬಿಡಬೇಕಾಗಿಲ್ಲ. ತಾಯಿ ಬಡಿಸಿದ ತಾಟಿನ ಮುಂದೆ ಕುಳಿತೇ "ಒಲ್ಲೆನವ್ವಾ, ಇದೊಂದು ಮಾತ್ರ ಒಲ್ಲೆ" ಎನ್ನಲು ಬರಬೇಕು. ಹಾಗೆಂದು ತಾಟು ಸರಿಸಿ ಏಳಬೇಡಿ. ಊಟ ಮುಗಿಸಿಯೇ ಏಳಿ.